ಕನ್ನಡದ ಬರಹ ಓದುವ, ಮಾತು ಬರೆದುಕೊಳ್ಳುವ ಯಂತ್ರಗಳು: ಅರಂತೋಡಿನಿಂದ ಕಂಡ ಒಂದು ಚರಿತ್ರೆ

ಕೈಬರಹವನ್ನು ಓದಿ, ಮಾತನ್ನು ಕೇಳಿ ಅಚ್ಚಿನ ಅಕ್ಷರವಾಗಿ ಕೊಡುವ ತಂತ್ರಜ್ಞಾನ ಕನ್ನಡದಲ್ಲಿ ಜನಬಳಕೆಗೆ ಬಂದದ್ದು 2015ರಿಂದ 2017ರ ನಡುವೆ. ಇಂಗ್ಲಿಷಿನಲ್ಲಿ ಇದೇ ಕೆಲಸದ ಪ್ರಯತ್ನ 1950ರ ದಶಕದಲ್ಲೇ ಶುರುವಾಗಿತ್ತು. ನಡುವಿನ ಈ ಅಂತರಕ್ಕೆ ಕಾರಣ ಹಲವು: ಕನ್ನಡ ಲಿಪಿಯ ರಚನೆ, ಪ್ರತ್ಯಯಗಳಿಂದ ಬೆಳೆಯುತ್ತ ಹೋಗುವ ಪದಗಳು, ಕೀಲಿಮಣೆಯ ಗೊಂದಲ. ಎಲ್ಲಕ್ಕಿಂತ ದೊಡ್ಡ ಕಾರಣ ಯಂತ್ರ ಕಲಿಯಲು ಬೇಕಾದ ಬರಹದ, ಧ್ವನಿಯ ಮಾದರಿಗಳನ್ನು ಯಾರೂ ಒಟ್ಟುಮಾಡಿರಲಿಲ್ಲ ಎಂಬುದು.

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಅರಂತೋಡಿನಲ್ಲಿ ನಿಂತು ನೋಡಿದರೆ ಈ ಚರಿತ್ರೆಯ ಗೆಲುವೂ ಕೊರತೆಯೂ ಒಟ್ಟಿಗೇ ಕಾಣುತ್ತವೆ. ಸುಳ್ಯದಿಂದ ಸಂಪಾಜೆ ದಾಟಿ ಮಡಿಕೇರಿಗೆ ಹೋಗುವ ಹೆದ್ದಾರಿಯ ಬದಿಯ ಈ ಅಡಿಕೆ ತೋಟಗಳ ಊರಿನಲ್ಲಿ ಕಡತದ ಭಾಷೆ ಕನ್ನಡ. ಮನೆಯ ಭಾಷೆ ಮಾತ್ರ ಮನೆಯಿಂದ ಮನೆಗೆ ಬೇರೆ: ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಹವ್ಯಕ ಕನ್ನಡ. ಒಬ್ಬನೇ ಮನುಷ್ಯ ಬೆಳಗಿನಿಂದ ಸಂಜೆಯೊಳಗೆ ಇವುಗಳಲ್ಲಿ ಮೂರನ್ನಾದರೂ ಆಡುತ್ತಾನೆ. ಯಂತ್ರ ಇವುಗಳಲ್ಲಿ ಯಾವುದನ್ನು ಯಾವಾಗ ಕಲಿತಿತು, ಯಾವುದನ್ನು ಇನ್ನೂ ಕಲಿಯಬೇಕಾಗಿದೆ ಎಂಬುದೇ ಇಲ್ಲಿನ ವಿಷಯ.

ಮನುಷ್ಯರೇ ಬರೆದುಕೊಂಡ ಕಾಲ

ಹಳ್ಳಿಗಳಲ್ಲಿ ಬರೆಯುವ, ಓದಿ ಹೇಳುವ ಕೆಲಸಕ್ಕೆ ಜನರೇ ಇದ್ದರು. ಶಾನುಭೋಗರು, ನಂತರದ ಗ್ರಾಮ ಲೆಕ್ಕಿಗರು ಭೂಮಿಯ ಲೆಕ್ಕ ಬರೆದರು. ತಾಲೂಕು ಕಚೇರಿಯ ಎದುರಿನ ಅರ್ಜಿ ಬರೆಯುವವರು ರೈತನ ಬಾಯಿಮಾತನ್ನು ಕಚೇರಿಯ ಕನ್ನಡಕ್ಕೆ ತಿರುಗಿಸಿದರು. ತುಳುವಿನಲ್ಲಿಯೋ ಅರೆಭಾಷೆಯಲ್ಲಿಯೋ ಹೇಳಿದ ತಕರಾರು ಅವರ ಕೈಯಿಂದ ಇಳಿಯುವಾಗ ಕನ್ನಡವಾಗಿರುತ್ತಿತ್ತು. ಇಂದು ಯಂತ್ರದಿಂದ ಬಯಸುವ ಎರಡು ಕೆಲಸಗಳು, ಅಂದರೆ ಕೇಳಿ ಬರೆಯುವುದು ಮತ್ತು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವುದು, ಆ ಮೇಜಿನ ಮುಂದೆ ಒಟ್ಟಿಗೇ ನಡೆಯುತ್ತಿದ್ದವು.

ಕನ್ನಡಕ್ಕೆ ಬೆರಳಚ್ಚು ಯಂತ್ರದ ಕೀಲಿಮಣೆ ಹೊಂದಿಸಿಕೊಟ್ಟವರು ಕೆ. ಅನಂತ ಸುಬ್ಬರಾವ್. ಸೀಮಿತ ಕೀಲಿಗಳಲ್ಲಿ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಹಿಡಿಸಬೇಕಾದ್ದರಿಂದ ಅಕ್ಷರವನ್ನು ತುಂಡುಗಳಾಗಿ ಒಡೆದು ಒಂದರ ಪಕ್ಕ ಒಂದು ಹೊಡೆಯುವ ಕ್ರಮ ಬಂತು. ಕಂಪ್ಯೂಟರ್ ಬಂದ ಮೇಲೆ ಈ ಕಟ್ಟು ಸಡಿಲವಾಯಿತು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಧ್ವನಿಯನ್ನು ಆಧರಿಸಿದ ಕೀಲಿಮಣೆ ವಿನ್ಯಾಸ ರೂಪಿಸಿದರು. ಅದರಲ್ಲಿ ಬರೆಯುವವನು ಉಚ್ಚಾರದ ಕ್ರಮದಲ್ಲಿ ಕೀಲಿ ಒತ್ತಿದರೆ ಸಾಕು, ಒತ್ತಕ್ಷರವನ್ನು ಎಲ್ಲಿ ಕೂರಿಸಬೇಕೆಂಬುದನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಈ ವಿನ್ಯಾಸವೇ ಮುಂದೆ ಸರಕಾರ ಒಪ್ಪಿದ ಶಿಷ್ಟತೆಗೆ ಆಧಾರವಾಗಿ ‘ನುಡಿ’ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೆ ಹೋಯಿತು. ಸುಳ್ಯ ತಾಲೂಕಿನ ಉಬರಡ್ಕವನ್ನು ಹೆಸರಿನಲ್ಲೇ ಹೊತ್ತ ಯು. ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ವನ್ನು ತೆರೆದು ಕನ್ನಡವನ್ನು ಅಂತರಜಾಲಕ್ಕೆ ಒಯ್ದವರಲ್ಲಿ ಮೊದಲಿಗರಾದರು. ಕೀಲಿಮಣೆಯ ಈ ಅಧ್ಯಾಯದಲ್ಲಿ ಕರಾವಳಿಯ ಪಾಲು ದೊಡ್ಡದು.

ಕೀಲಿಮಣೆ ಒಂದನ್ನೇ ನಂಬಿ ಮಾಡಿದ ದೊಡ್ಡ ಕೆಲಸ ಕರ್ನಾಟಕದ ‘ಭೂಮಿ’ ಯೋಜನೆ. 2000ದ ಆಸುಪಾಸಿನ ಕೆಲವೇ ವರ್ಷಗಳಲ್ಲಿ ರಾಜ್ಯದ 176 ತಾಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು, ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಆ ಕಾಲಕ್ಕೆ ಕನ್ನಡ ಕೈಬರಹ ಓದುವ ಯಂತ್ರವಿರಲಿಲ್ಲ. ಗ್ರಾಮ ಲೆಕ್ಕಿಗರ ಅಕ್ಷರವನ್ನು ನೋಡಿ ನೋಡಿ ಒಂದೊಂದೇ ಸಾಲನ್ನು ಜನರೇ ಟೈಪ್ ಮಾಡಿದರು. ಹೆಸರಿನಲ್ಲಿ ಒಂದಕ್ಷರ, ಸರ್ವೆ ನಂಬರಿನಲ್ಲಿ ಒಂದಂಕಿ ತಪ್ಪಿದರೆ ತಿದ್ದುಪಡಿಗೆ ತಾಲೂಕು ಕಚೇರಿ ಅಲೆಯಬೇಕು ಎಂಬುದು ರೈತರಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ.

ಹೊರಗಿನ ಜಗತ್ತಿನ ಆರಂಭ

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ‘ಆಡ್ರೆ’ ಎಂಬ ಯಂತ್ರ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಕೇಳಿ ಗುರುತಿಸಿತು. ಅದು ತನ್ನ ಪರಿಚಯದ ದನಿಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತಿತ್ತು. ಐಬಿಎಂ 1962ರಲ್ಲಿ ತೋರಿಸಿದ ‘ಶೂಬಾಕ್ಸ್’ಗೆ 16 ಪದ ತಿಳಿಯುತ್ತಿತ್ತು. 1964ರ ರ‍್ಯಾಂಡ್ ಟ್ಯಾಬ್ಲೆಟ್ ಪೆನ್ನಿನ ಚಲನೆಯನ್ನು ಕಂಪ್ಯೂಟರಿಗೆ ತಲುಪಿಸಿ ಕೈಬರಹ ಗುರುತಿಸುವಿಕೆಗೆ ದಾರಿ ತೆರೆಯಿತು.

1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆದ ಸಂಶೋಧನೆಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗುಂಪು ಮುಂದೆ ನಿಂತಿತು. ಅದರ ಮುಂದಾಳು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿದ ರಾಜ್ ರೆಡ್ಡಿ. ಈ ಗುಂಪಿನ ‘ಹಾರ್ಪಿ’ 1976ರಲ್ಲಿ 1,011 ಪದಗಳನ್ನು ಗುರುತಿಸಿತು. ರೆಡ್ಡಿಯವರಿಗೆ 1994ರ ಟ್ಯೂರಿಂಗ್ ಪ್ರಶಸ್ತಿ ಬಂತು. ಹಾರ್ಪಿಯ ನಂತರದ ವರ್ಷಗಳಲ್ಲಿ ವ್ಯಾಕರಣದ ನಿಯಮಗಳನ್ನು ಯಂತ್ರಕ್ಕೆ ಬರೆದುಕೊಡುವ ಬದಲು, ಸಾವಿರಾರು ಮಾದರಿಗಳಿಂದ ಸಂಭವನೀಯತೆಯನ್ನು ಲೆಕ್ಕ ಹಾಕಿಸುವ ವಿಧಾನ ಬಲವಾಯಿತು. ಒಂದು ಧ್ವನಿಯ ನಂತರ ಯಾವ ಧ್ವನಿ, ಒಂದು ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂಬುದೇ ಇದರ ತಿರುಳು. 1990ರ ‘ಡ್ರ್ಯಾಗನ್ ಡಿಕ್ಟೇಟ್’ನಲ್ಲಿ ಪದ ಪದದ ನಡುವೆ ನಿಲ್ಲಿಸಿ ಮಾತಾಡಬೇಕಿತ್ತು. 1997ರ ‘ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್’ ತಡೆಯಿಲ್ಲದ ಮಾತನ್ನು ಬರೆದುಕೊಂಡಿತು. ಆದರೆ ಬಳಕೆದಾರ ಮೊದಲು ಪುಟಗಟ್ಟಲೆ ಓದಿ ತನ್ನ ದನಿಯನ್ನು ಅದಕ್ಕೆ ಪರಿಚಯಿಸಬೇಕಿತ್ತು.

ಕೈಬರಹದ ಹಾದಿಯಲ್ಲಿ ಆ್ಯಪಲ್ ಕಂಪನಿಯ 1993ರ ‘ನ್ಯೂಟನ್’ ತಪ್ಪು ಓದುವುದಕ್ಕೇ ಹೆಸರಾಯಿತು. ಪಾಮ್ ಕಂಪನಿಯ 1996ರ ‘ಪೈಲಟ್’ ಜಾಣತನದಿಂದ ತಿರುವು ತೆಗೆದುಕೊಂಡಿತು. ಜನರ ಬರಹವನ್ನು ಯಂತ್ರ ಕಲಿಯುವ ಬದಲು, ‘ಗ್ರಾಫಿಟಿ’ ಎಂಬ ಸರಳಗೊಳಿಸಿದ ಅಕ್ಷರಮಾಲೆಯನ್ನು ಜನರೇ ಕಲಿತರು. ಇಂಗ್ಲಿಷಿನ 26 ಅಕ್ಷರಕ್ಕೆ ಈ ರಾಜಿ ನಡೆಯಿತು. ಗುಣಿತ, ಒತ್ತುಗಳ ಕನ್ನಡಕ್ಕೆ ನಡೆಯುವಂತಿರಲಿಲ್ಲ.

ಅಚ್ಚಿನ ಅಕ್ಷರ ಓದಿದ್ದು

ಕನ್ನಡದಲ್ಲಿ ಮೊದಲು ಹಿಡಿತಕ್ಕೆ ಸಿಕ್ಕಿದ್ದು ಅಚ್ಚಾದ ಅಕ್ಷರ. ಒಂದೇ ಮೊಳೆಯಿಂದ ಬಂದ ‘ಕ’ ಪುಸ್ತಕದುದ್ದಕ್ಕೂ ಒಂದೇ ಥರ ಇರುತ್ತದೆ, ಕೈಬರಹದಂತೆ ಬದಲಾಗುವುದಿಲ್ಲ. ಆದರೂ ತೊಡಕು ಕಡಿಮೆಯಲ್ಲ. ವರ್ಣಮಾಲೆಯಲ್ಲಿ ಐವತ್ತರ ಹತ್ತಿರ ಅಕ್ಷರಗಳಿದ್ದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಆಕಾರಗಳ ಸಂಖ್ಯೆ ಸಾವಿರಗಳಿಗೆ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ಅಶ್ವಿನ್ ಮತ್ತು ಪಿ. ಎಸ್. ಶಾಸ್ತ್ರಿ 2002ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಒಂದು ಉತ್ತರವಾಗಿತ್ತು. ಇಡೀ ಅಕ್ಷರವನ್ನು ಒಮ್ಮೆಗೇ ಗುರುತಿಸಲು ಹೋಗದೆ ಮೂಲ ವ್ಯಂಜನ, ಸ್ವರಚಿಹ್ನೆ, ಒತ್ತು ಎಂದು ಒಡೆದು ಬೇರೆ ಬೇರೆಯಾಗಿ ಗುರುತಿಸಿ ಮತ್ತೆ ಜೋಡಿಸುವುದು ಅದರ ಕ್ರಮ. ಅಕ್ಷರದ ಗಾತ್ರ, ವಿನ್ಯಾಸ ಬದಲಾದರೂ ಅದು ಕೆಲಸ ಮಾಡುವಂತಿತ್ತು.

2009ರಲ್ಲಿ ಬೆಂಗಳೂರಿನ ಬೀದಿಯ ಫಲಕಗಳು ಸಂಶೋಧನೆಯ ವಸ್ತುವಾದವು. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಜೊತೆಗೂಡಿ ಸಿದ್ಧವಾದ ‘ಕ್ಯಾರ್ಸ್74ಕೆ’ ಎಂಬ ಸಂಗ್ರಹಕ್ಕಾಗಿ ಅಂಗಡಿ ಫಲಕ, ಜಾಹೀರಾತುಗಳ ಚಿತ್ರ ತೆಗೆದು ಅದರಲ್ಲಿನ ಇಂಗ್ಲಿಷ್, ಕನ್ನಡ ಅಕ್ಷರಗಳನ್ನು ಬಿಡಿಸಿ ಇಡಲಾಯಿತು. ಇಂಗ್ಲಿಷಿಗೆ ಅಂಕಿ, ದೊಡ್ಡ ಮತ್ತು ಸಣ್ಣ ಅಕ್ಷರ ಸೇರಿ 62 ವರ್ಗಗಳಾದರೆ ಕನ್ನಡಕ್ಕೆ 657 ವರ್ಗ ಬೇಕಾಯಿತು. ಎರಡು ಲಿಪಿಗಳ ನಡುವೆ ಯಂತ್ರಕ್ಕಿರುವ ಹೊರೆಯ ವ್ಯತ್ಯಾಸವನ್ನು ಈ ಎರಡು ಸಂಖ್ಯೆಗಳು ಸ್ಪಷ್ಟವಾಗಿ ಹೇಳುತ್ತವೆ.

ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ರೂಪಿಸಿದ ‘ಲಿಪಿ ಜ್ಞಾನಿ’ ಇನ್ನೂ ಮುಂದೆ ಹೋಯಿತು. 1970ರಿಂದ 2002ರವರೆಗೆ ಅಚ್ಚಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳಿಂದ ಅದನ್ನು ಕಲಿಸಿ, ಪರೀಕ್ಷಿಸಲಾಯಿತು. ಹಳಗನ್ನಡದ ಪುಟಗಳು, ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಶ್ಲೋಕಗಳು ಅದರಲ್ಲಿದ್ದವು. ಪದಕೋಶಕ್ಕೆ ಕಟ್ಟಿಹಾಕದ ಕಾರಣ ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ ಪುಟಗಳನ್ನೂ ಅದು ಓದಬಲ್ಲದಾಯಿತು. ಕರಾವಳಿಗೆ ಇದು ಮುಖ್ಯ, ಏಕೆಂದರೆ ಇಲ್ಲಿನ ತುಳು, ಅರೆಭಾಷೆ ಪುಸ್ತಕಗಳೆಲ್ಲ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲೇ ಅಚ್ಚಾಗುತ್ತವೆ. ಹೀಗೆ ಓದಿಸಿದ ಪಠ್ಯವನ್ನು ಬ್ರೈಲ್‌ಗೆ, ಧ್ವನಿಗೆ ತಿರುಗಿಸಿ ಅಂಧ ಓದುಗರಿಗೆ ಪುಸ್ತಕ ಕೊಡುವುದು ಈ ಶ್ರಮದ ನೇರ ಫಲ. 2015ರಲ್ಲಿ ಗೂಗಲ್ ತನ್ನ ಡ್ರೈವ್ ಸೇವೆಯಲ್ಲಿ 200ಕ್ಕೂ ಹೆಚ್ಚು ಭಾಷೆಗಳ ಅಚ್ಚು ಓದುವ ಸೌಲಭ್ಯ ಕೊಟ್ಟ ಮೇಲೆ ಹಳೆಯ ಕನ್ನಡ ಪುಸ್ತಕಗಳನ್ನು ಜಾಲಕ್ಕೆ ಏರಿಸುವವರ ಕೆಲಸ ಹಗುರವಾಯಿತು.

ಆದರೂ ಕೆಲವು ಪುಟ ಇಂಥ ಯಂತ್ರಕ್ಕೆ ಕಷ್ಟವೇ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಿಂದ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನ ಪುಟ ಎಂದರೆ ಕೈಯಿಂದ ಬರೆದದ್ದೇ ಅಚ್ಚಾಗಿ ಬಂದದ್ದು. ಅಚ್ಚು ಓದುವ ತಂತ್ರಾಂಶಕ್ಕೆ ಅದು ಕೈಬರಹದ ಪರೀಕ್ಷೆ.

ಕೈಬರಹ ಓದಿದ್ದು

ಕೈಬರಹ ಗುರುತಿಸುವಿಕೆಯಲ್ಲಿ ಎರಡು ಬಗೆ. ಪರದೆಯ ಮೇಲೆ ಬರೆಯುತ್ತಿರುವಾಗಲೇ ಓದುವುದು ಒಂದು, ಎಂದೋ ಕಾಗದದ ಮೇಲೆ ಬರೆದದ್ದನ್ನು ಚಿತ್ರವಾಗಿ ಓದುವುದು ಇನ್ನೊಂದು. ಮೊದಲನೆಯದರಲ್ಲಿ ಪೆನ್ನು ಎಲ್ಲಿಂದ ಹೊರಟಿತು, ಎತ್ತ ತಿರುಗಿತು, ಎಲ್ಲಿ ಮೇಲೆದ್ದಿತು ಎಂಬುದು ಯಂತ್ರಕ್ಕೆ ತಿಳಿಯುತ್ತದೆ. ಎರಡನೆಯದರಲ್ಲಿ ಉಳಿದಿರುವುದು ಶಾಯಿಯ ಗುರುತು ಮಾತ್ರ. ಹಾಗಾಗಿ ಮೊದಲನೆಯದು ಬೇಗ ಕೈಗೂಡಿತು.

‘ಅರಂತೋಡು’ ಎಂದು ಬರೆದರೆ ಯಂತ್ರದ ಎದುರು ಏನು ನಡೆಯುತ್ತದೆ ಎಂದು ನೋಡಬಹುದು. ಕಣ್ಣಿಗೆ ಕಾಣುವ ಅಕ್ಷರ ನಾಲ್ಕು: ಅ, ರಂ, ತೋ, ಡು. ಯೂನಿಕೋಡ್‌ನಲ್ಲಿ ಅವು ಏಳು ಸಂಕೇತಗಳಾಗುತ್ತವೆ: ಅ, ರ, ಸೊನ್ನೆ, ತ, ಓಕಾರದ ಚಿಹ್ನೆ, ಡ, ಉಕಾರದ ಚಿಹ್ನೆ. ಅನುಸ್ವಾರದ ಸೊನ್ನೆಗೂ ಕನ್ನಡ ಅಂಕಿ ಸೊನ್ನೆಗೂ ಆಕಾರದಲ್ಲಿ ಭೇದವಿಲ್ಲ, ಅಕ್ಕಪಕ್ಕದಲ್ಲಿ ಏನಿದೆ ಎಂಬುದರಿಂದಲೇ ತೀರ್ಮಾನಿಸಬೇಕು. ‘ತೋ’ದ ಕೊನೆಯ ದೀರ್ಘವನ್ನು ಕೆಲವರು ಅಕ್ಷರಕ್ಕೆ ಅಂಟಿಸಿ ಬರೆಯುತ್ತಾರೆ, ಕೆಲವರು ಪದವೆಲ್ಲ ಮುಗಿದ ಮೇಲೆ ಹಿಂದೆ ಬಂದು ಹಾಕುತ್ತಾರೆ. ಆಗ ಪೆನ್ನಿನ ಕ್ರಮಕ್ಕೂ ಅಕ್ಷರದ ಕ್ರಮಕ್ಕೂ ತಾಳೆಯಾಗುವುದಿಲ್ಲ. ‘ಕರ್ನಾಟಕ’ದಲ್ಲಿ ಇನ್ನೊಂದು ತೊಡಕು. ಉಚ್ಚಾರದಲ್ಲಿ ಮೊದಲು ಬರುವ ರಕಾರ ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ‘ನಾ’ದ ನಂತರ ನಿಲ್ಲುತ್ತದೆ. ಯಂತ್ರ ಅದನ್ನು ಹಿಂದಕ್ಕೆ ತಂದು ಸರಿಯಾದ ಜಾಗದಲ್ಲಿ ಇಡಬೇಕು.

ಪೆನ್ನು ಹಿಡಿಯುವ ಕಂಪ್ಯೂಟರನ್ನು ಕರ್ನಾಟಕ ಬೇಗನೆ ಕಂಡಿತು. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಅವರ ಸಂಗಡಿಗರು ರೂಪಿಸಿ 2001ರಲ್ಲಿ ಬೆಂಗಳೂರಿನಲ್ಲಿ ತೋರಿಸಿದ ‘ಸಿಂಪ್ಯೂಟರ್’ಗೆ ಕೀಲಿಮಣೆ ಇರಲಿಲ್ಲ. ಕಡ್ಡಿಯಂಥ ಪೆನ್ನಿನಿಂದ ಪರದೆಯನ್ನು ಮುಟ್ಟಬೇಕಿತ್ತು, ಓದಲು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡು ಇತ್ತು. 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ಅದು ಬಯಸಿದಷ್ಟು ಹಬ್ಬಲಿಲ್ಲ. ಅದೇ ದಶಕದಲ್ಲಿ ಬೆಂಗಳೂರಿನ ಎಚ್‌ಪಿ ಲ್ಯಾಬ್ಸ್ ‘ಲಿಪಿ ಟೂಲ್‌ಕಿಟ್’ ಎಂಬ ಮುಕ್ತ ತಂತ್ರಾಂಶ ಕೊಟ್ಟು, ಯಾವ ಲಿಪಿಯ ಕೈಬರಹಕ್ಕಾದರೂ ಗುರುತಿಸುವ ವ್ಯವಸ್ಥೆ ಕಟ್ಟಿಕೊಳ್ಳಲು ಅನುಕೂಲ ಮಾಡಿತು. ಕೇಂದ್ರ ಸರಕಾರದ ಭಾಷಾ ತಂತ್ರಜ್ಞಾನ ಕಾರ್ಯಕ್ರಮದ ಅಡಿ ಭಾರತೀಯ ಭಾಷೆಗಳ ಕೈಬರಹ ಗುರುತಿಸುವ ಯೋಜನೆಗೆ ವಿಜ್ಞಾನ ಸಂಸ್ಥೆ ಮುಂದಾಳತ್ವ ವಹಿಸಿತು. ಕನ್ನಡ, ತಮಿಳು ಬರಹಗಾರರಿಂದ ಪರದೆಯ ಮೇಲೆ ಬರೆಸಿಕೊಂಡು ಮಾದರಿ ಕೂಡಿಸಲಾಯಿತು.

ಕ್ಯಾರ್ಸ್74ಕೆ ಸಂಗ್ರಹದ ಕೈಬರಹದ ಭಾಗವೂ ಹೀಗೇ ಆದದ್ದು. 25 ಮಂದಿ ಟ್ಯಾಬ್ಲೆಟ್ ಕಂಪ್ಯೂಟರಿನ ಮೇಲೆ 657 ಕನ್ನಡ ಆಕಾರಗಳನ್ನು ಬರೆದುಕೊಟ್ಟರು, ಒಟ್ಟು 16,425 ಮಾದರಿ ಸಿಕ್ಕವು. ಪ್ರತಿ ಆಕಾರಕ್ಕೂ ಒಬ್ಬೊಬ್ಬರದು ಒಂದೇ ಮಾದರಿ. ಜಗತ್ತಿನ ಎದುರು ಕನ್ನಡದ ಕೈಬರಹಕ್ಕೆ ಪ್ರತಿನಿಧಿಗಳಾದವರು ಒಂದು ಶಾಲಾ ತರಗತಿಯಷ್ಟು ಜನವೂ ಅಲ್ಲ. 2019ರಲ್ಲಿ ವಿನಯ್ ಉದಯ್ ಪ್ರಭು ಸಿದ್ಧಪಡಿಸಿದ ‘ಕನ್ನಡ ಎಂನಿಸ್ಟ್’ ಅಂಕಿಗಳಿಗೆ ಸೀಮಿತವಾಗಿತ್ತು. ಬೆಂಗಳೂರಿನ 65 ಮಂದಿ ಬರೆದ ಕನ್ನಡ ಅಂಕಿಗಳಿಂದ ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರಗಳಾದವು. ಅದರ ಮೇಲೆ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕನ್ನಡದ ಒಂದಕ್ಷರ ಬಾರದವರೂ ೩ ಮತ್ತು ೭ರ, ೬ ಮತ್ತು ೯ರ ಭೇದಕ್ಕೆ ತಲೆಕೆಡಿಸಿಕೊಂಡರು. ಇಂದಿನ ವ್ಯವಹಾರದಲ್ಲಿ ಕನ್ನಡ ಅಂಕಿ ಕಡಿಮೆಯಾದರೂ ಹಳೆಯ ಕಡತ, ಲೆಕ್ಕದ ಪುಸ್ತಕಗಳನ್ನು ಓದಿಸಲು ಅದು ಬೇಕೇ ಬೇಕು.

ಸಾಮಾನ್ಯ ಬಳಕೆದಾರನ ಕೈಗೆ ಕನ್ನಡ ಕೈಬರಹ ಸಿಕ್ಕಿದ್ದು 2015ರ ಏಪ್ರಿಲಿನಲ್ಲಿ. ಗೂಗಲ್ ಆಗ ಹೊರತಂದ ‘ಹ್ಯಾಂಡ್‌ರೈಟಿಂಗ್ ಇನ್‌ಪುಟ್’ ಆ್ಯಪ್‌ನ 82 ಭಾಷೆಗಳಲ್ಲಿ ಕನ್ನಡವೂ ಇತ್ತು. ಫೋನಿನ ಪರದೆಯ ಮೇಲೆ ಬೆರಳಿನಲ್ಲಿ ಗೀಚಿದರೆ ಅಕ್ಷರ ಮೂಡುತ್ತಿತ್ತು. ಟೈಪಿಂಗ್ ಕಲಿಯದ, ಆದರೆ ಶಾಲೆಯಲ್ಲಿ ಕನ್ನಡ ಬರೆದು ಅಭ್ಯಾಸವಿದ್ದ ಹಿರಿಯರಿಗೆ ಇದರಿಂದ ಅನುಕೂಲವಾಯಿತು.

ಕಾಗದದ ಮೇಲಿನ ಹಳೆಯ ಬರಹದ ಕೆಲಸ ಇನ್ನೂ ಮುಗಿದಿಲ್ಲ. ಕರ್ನಾಟಕದ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಹಶೀಲ್ದಾರ್ ಕಚೇರಿಗಳ ದಾಖಲೆ ಕೊಠಡಿಯ ಕಡತಗಳು ಸ್ಕ್ಯಾನ್ ಆಗುತ್ತಿವೆ. ಸ್ಕ್ಯಾನ್ ಮಾಡಿದರೆ ಕಡತ ಗೆದ್ದಲಿನಿಂದ, ತಿದ್ದುವವರಿಂದ ಪಾರಾಗುತ್ತದೆ. ಆದರೆ ಚಿತ್ರವಾಗಿ ಉಳಿದ ಪುಟದಲ್ಲಿ ಒಂದು ಹೆಸರನ್ನು ಹುಡುಕಬೇಕಾದರೆ ಯಾರಾದರೂ ಕಣ್ಣಿಟ್ಟು ಓದಲೇಬೇಕು. ಮದ್ರಾಸ್ ಪ್ರಾಂತ್ಯದ ಕಾಲದ ಅಡಂಗಲ್, ಮೂಲಗೇಣಿ ಚೀಟಿಗಳ ಮೋಡಿಯಂಥ ಕೂಡುಬರಹವನ್ನು ನೆಚ್ಚುವಂತೆ ಓದುವ ಯಂತ್ರ ಬರಬೇಕಾದರೆ ಅಂಥ ಪುಟಗಳನ್ನು ಓದಬಲ್ಲವರು ಇರುವಾಗಲೇ ಅವರಿಂದ ಸಾಲು ಸಾಲಾಗಿ ಬರೆಸಿ ಮಾದರಿ ಮಾಡಿಕೊಳ್ಳಬೇಕು.

ಮಾತು ಬರೆದುಕೊಂಡದ್ದು

ಮಾತಿನಲ್ಲಿ ಅಕ್ಷರಗಳ ನಡುವೆ ಗೆರೆಯಿಲ್ಲ. ಅನುಸ್ವಾರದಿಂದ ಬರೆಯುವ ‘ಅರಂತೋಡು’ ಕಿವಿಗೆ ‘ಅರನ್ತೋಡು’ ಎಂದೇ ಕೇಳುತ್ತದೆ. ‘ತೋಡು’ ಮತ್ತು ‘ತೊಡು’ ಎಂಬವುಗಳ ನಡುವೆ ಇರುವುದು ಸ್ವರ ಎಷ್ಟು ಹೊತ್ತು ನಿಂತಿತು ಎಂಬ ಭೇದ ಮಾತ್ರ. ಅವಸರದಲ್ಲಿ ಮಾತಾಡುವವನ ದೀರ್ಘವೂ ನಿಧಾನಿಯ ಹ್ರಸ್ವವೂ ಅಳತೆಯಲ್ಲಿ ಒಂದೇ ಆಗಬಹುದು. ಇನ್ನು ಪದಗಳ ಲೆಕ್ಕ. ‘ಅಡಿಕೆ’ಯೊಂದೇ ಅಡಿಕೆಯನ್ನು, ಅಡಿಕೆಗೆ, ಅಡಿಕೆಯಿಂದ, ಅಡಿಕೆಯದ್ದು, ಅಡಿಕೆಗಿಂತಲೂ ಎಂದು ಬೆಳೆಯುತ್ತದೆ. ಇಂಗ್ಲಿಷಿನಂತೆ ಪದಪಟ್ಟಿ ಮಾಡಿಟ್ಟು ಹೋಲಿಸುವ ಕ್ರಮ ಇಲ್ಲಿ ಸಾಲದು. ಪದವನ್ನು ತುಂಡುಗಳಾಗಿ ಕಲಿಯುವ ವಿಧಾನ ಬಲಗೊಂಡ ಮೇಲೆ ಕನ್ನಡದ ಫಲಿತಾಂಶ ಸುಧಾರಿಸಿತು.

ಮಾದರಿ ಸಂಗ್ರಹದ ಕೆಲಸವನ್ನು ಕ್ರಮಬದ್ಧವಾಗಿ ಹಿಡಿದವರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಮೊದಲಿನದು. 1969ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಆಶ್ರಯದಲ್ಲಿ 2000ದ ದಶಕದ ಕೊನೆಗೆ ಭಾಷಾ ದತ್ತಾಂಶ ಕೂಟ ಆರಂಭವಾಗಿ ಬೇರೆ ಬೇರೆ ವಯಸ್ಸಿನ ಗಂಡಸರು, ಹೆಂಗಸರ ಕನ್ನಡ ಧ್ವನಿಯನ್ನು ದಾಖಲಿಸಿತು.

ರೈತರ ಮಾತಿಗೆ ಕಿವಿಗೊಟ್ಟದ್ದು ತುಮಕೂರಿನ ಸಿದ್ದಗಂಗಾ ತಾಂತ್ರಿಕ ಕಾಲೇಜು. ಅಲ್ಲಿನ ಸಂಶೋಧಕರು ರಾಜ್ಯದ ಬೇರೆ ಬೇರೆ ಸೀಮೆಗಳ ರೈತರಿಂದ ಬೆಳೆಗಳ, ಮಾರುಕಟ್ಟೆ ಊರುಗಳ ಹೆಸರನ್ನು ಫೋನಿನಲ್ಲಿ ಹೇಳಿಸಿ ದಾಖಲಿಸಿದರು. ಅದರಿಂದ ಕೃಷಿ ಉತ್ಪನ್ನಗಳ ದರ, ಹವಾಮಾನ ತಿಳಿಸುವ ಧ್ವನಿ ವ್ಯವಸ್ಥೆಯನ್ನು ಕಟ್ಟಿ 2017ರಲ್ಲಿ ವಿವರ ಪ್ರಕಟಿಸಿದರು. ರೈತ ಫೋನ್ ಮಾಡಿ ಬೆಳೆಯ ಹೆಸರು, ಊರಿನ ಹೆಸರು ಹೇಳಿದರೆ ಯಂತ್ರ ದರ ಹೇಳಬೇಕು. ಪ್ರಯೋಗಾಲಯದ ನಿಶ್ಶಬ್ದದಲ್ಲಿ ಓದಿದ ಮಾತಿಗೂ ಹೊಲದಿಂದ, ಬಸ್‌ಸ್ಟ್ಯಾಂಡಿನಿಂದ ಆಡಿದ ಮಾತಿಗೂ ಇರುವ ಅಂತರ ಇಂಥ ಕೆಲಸದಲ್ಲೇ ತಿಳಿಯುವುದು. ಅರಂತೋಡಿನ ಬೆಳೆಗಾರನಿಗೆ ‘ಅಡಿಕೆ’ ಎಂಬ ಒಂದೇ ಹೆಸರು ಸಾಲದು. ಅವನ ಪ್ರಶ್ನೆ ಹೊಸ ಚಾಲಿಯದೋ ಹಳೆಯದೋ, ಸಿಂಗಲ್ ಚೋಲೋ ಡಬ್ಬಲ್ ಚೋಲೋ, ಪಟೋರವೋ ಕರಿಗೋಟೋ ಎಂಬುದು. ಈ ಪದಗಳು ಕಲಿಕೆಯ ಸಂಗ್ರಹದಲ್ಲಿ ಇಲ್ಲದಿದ್ದರೆ ಯಂತ್ರ ತನಗೆ ಗೊತ್ತಿರುವ ಬೇರೊಂದು ಪದವನ್ನು ಅಲ್ಲಿ ಬರೆದುಬಿಡುತ್ತದೆ.

2017ರ ಆಗಸ್ಟಿನಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ 30 ಭಾಷೆಗಳನ್ನು ಸೇರಿಸಿತು. ಅವುಗಳಲ್ಲಿ ಭಾರತದ ಎಂಟು: ಬಂಗಾಳಿ, ಗುಜರಾತಿ, ಕನ್ನಡ, ಮಲಯಾಳ, ಮರಾಠಿ, ತಮಿಳು, ತೆಲುಗು, ಉರ್ದು. ಹಿಂದಿನ ವರ್ಷವೇ ಜಿಯೋ ಬಂದು ಡೇಟಾ ದರ ಇಳಿದಿತ್ತು. ಧ್ವನಿಯನ್ನು ದೂರದ ಸರ್ವರಿಗೆ ಕಳಿಸಿ ಅಕ್ಷರ ಪಡೆಯುವ ಕ್ರಮಕ್ಕೆ ಅಗ್ಗದ ಡೇಟಾ ಅಗತ್ಯವಾಗಿತ್ತು. ಮೈಕಿನ ಚಿಹ್ನೆ ಒತ್ತಿ ಕನ್ನಡದಲ್ಲಿ ಹೇಳಿ ವಾಟ್ಸ್ಆ್ಯಪ್ ಸಂದೇಶ ಬರೆಯುವುದು ಇದಾದ ಮೇಲೆ ಹಳ್ಳಿಗಳಲ್ಲೂ ರೂಢಿಯಾಯಿತು. ಕಾಡು, ಗುಡ್ಡಗಳ ನಡುವಿನ ಸಂಪಾಜೆ ಕಣಿವೆಯಂಥ ಕಡೆ ಸಿಗ್ನಲ್ ಸಿಗದಲ್ಲಿ ಈ ಸೌಲಭ್ಯವೂ ನಿಲ್ಲುತ್ತದೆ. ಫೋನಿನೊಳಗೇ ಕೆಲಸ ಮಾಡುವ ಚಿಕ್ಕ ಮಾದರಿಗಳು ಇಂಥ ಊರುಗಳಿಗೆ ಹೆಚ್ಚು ಮುಖ್ಯ.

2020ರ ನಂತರ ವೇಗ ಹೆಚ್ಚಿತು. ಮದ್ರಾಸ್ ಐಐಟಿಯ ‘ಎಐ4ಭಾರತ್’ ತಂಡ 2022ರಲ್ಲಿ ಆಕಾಶವಾಣಿಯ ಪ್ರದೇಶ ಸಮಾಚಾರಗಳ ಧ್ವನಿಯನ್ನೂ ಅವುಗಳ ಲಿಖಿತ ಪ್ರತಿಯನ್ನೂ ಸಾಲಿಗೆ ಸಾಲು ಹೊಂದಿಸಿ ‘ಶ್ರುತಿಲಿಪಿ’ ಎಂಬ ಸಂಗ್ರಹ ಮಾಡಿತು. ಕನ್ನಡ ಸೇರಿ 12 ಭಾಷೆಗಳಿಗೆ ಒಟ್ಟು 6,400 ಗಂಟೆಗೂ ಹೆಚ್ಚು ಮಾತು ಸಿಕ್ಕಿತು. ಹೀಗೆ ದಿನನಿತ್ಯ ಓದಿ ಮರೆತುಹೋಗುತ್ತಿದ್ದ ವಾರ್ತೆಗಳು ಯಂತ್ರಕ್ಕೆ ಪಾಠವಾದವು. ಅದೇ ವರ್ಷ ಜುಲೈಯಲ್ಲಿ ಕೇಂದ್ರ ಸರಕಾರದ ‘ಭಾಷಿಣಿ’ ವೇದಿಕೆಗೆ ಚಾಲನೆ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಓಪನ್ಎಐ ಬಿಡುಗಡೆ ಮಾಡಿದ ‘ವಿಸ್ಪರ್’ 6,80,000 ಗಂಟೆಗಳ ಧ್ವನಿಯಿಂದ ಕಲಿತಿತ್ತು. ಅದರಲ್ಲಿ ಇಂಗ್ಲಿಷಿನ ಪಾಲು 4,38,000 ಗಂಟೆ, ಬರಹದ ಜೊತೆಗಿದ್ದ ಕನ್ನಡದ ಪಾಲು 4 ಗಂಟೆಯ ಆಸುಪಾಸು. ಕನ್ನಡದಲ್ಲಿ ಅದು ಎಡವುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಬೆಂಗಳೂರಿನ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಒಂಬತ್ತು ಭಾಷೆಗಳಿಗೆ ಅವುಗಳ ಉಪಭಾಷೆಗಳ ಸಹಿತ ಧ್ವನಿ ಕೂಡಿಸಿತು. ಕನ್ನಡ ಅವುಗಳಲ್ಲಿ ಒಂದು. ಕೃಷಿ ಮತ್ತು ಹಣಕಾಸು ಅದರ ವಿಷಯಕ್ಷೇತ್ರ. ವಾರ್ತೆಯ ಕನ್ನಡವಲ್ಲದೆ ಸೀಮೆ ಸೀಮೆಯ ಕನ್ನಡವೂ ಯಂತ್ರಕ್ಕೆ ಬೇಕೆಂದು ಒಪ್ಪಿದ ಯೋಜನೆ ಇದು. ಓದಿಸಿದ ವಾಕ್ಯ ಸಹಜವಾಗಿರುವುದಿಲ್ಲ ಎಂಬ ಕೊರತೆಯನ್ನು ಅದೇ ಸಂಸ್ಥೆಯ ಆರ್ಟ್‌ಪಾರ್ಕ್ ಮತ್ತು ಗೂಗಲ್ 2022ರಲ್ಲಿ ಪ್ರಕಟಿಸಿದ ‘ವಾಣಿ’ ಯೋಜನೆ ಬೇರೆ ರೀತಿಯಲ್ಲಿ ನಿವಾರಿಸಿತು. ಜನರಿಗೆ ಒಂದು ಚಿತ್ರ ತೋರಿಸಿ, ಅದರಲ್ಲಿ ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಲು ಕೇಳಲಾಯಿತು. ಭಾಷೆಯ ಪಟ್ಟಿ ಮಾಡಿಕೊಂಡು ಹೋಗದೆ ಜಿಲ್ಲೆಯ ಪಟ್ಟಿ ಮಾಡಿಕೊಂಡು ಹೋದದ್ದು ಇದರ ವಿಶೇಷ. ದೇಶದ 773 ಜಿಲ್ಲೆಗಳಿಂದ 1.5 ಲಕ್ಷ ಗಂಟೆಗೂ ಹೆಚ್ಚು ಮಾತು ಕೂಡಿಸುವುದು ಗುರಿ. ದಕ್ಷಿಣ ಕನ್ನಡ ಜಿಲ್ಲೆ ಅದರ ಮೊದಲ ಹಂತದ ಜಿಲ್ಲೆಗಳಲ್ಲೇ ಸೇರಿದ್ದರಿಂದ ತುಳುವಿನ ದನಿಯೂ ಆ ಸಂಗ್ರಹಕ್ಕೆ ಬಂತು.

ಊರಿನ ಬೇರೆ ಭಾಷೆಗಳು

ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳನ್ನು ಲೆಕ್ಕಕ್ಕೆ ಹಿಡಿದು ನಡೆಯುವ ಯೋಜನೆಗಳಲ್ಲಿ ಕನ್ನಡ, ಮಲಯಾಳ, ಕೊಂಕಣಿಗಳಿಗೆ ಜಾಗವಿದೆ. ತುಳು, ಅರೆಭಾಷೆ, ಬ್ಯಾರಿಗಳಿಗೆ ಇಲ್ಲ. ಅರಂತೋಡಿನ ಮನೆಮಾತುಗಳು ಹೀಗೆ ತಂತ್ರಜ್ಞಾನದ ಬೇರೆ ಬೇರೆ ಕಾಲಗಳಲ್ಲಿ ನಿಂತಿವೆ.

ತುಳುವಿನ ತಯಾರಿ ಸಾಕಷ್ಟು ಇದೆ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟು ಹೊರತಂದಿದೆ. ತುಳು ವಿಕಿಪೀಡಿಯ 2016ರಲ್ಲಿ ಆರಂಭವಾಯಿತು. 2024ರ ಜೂನಿನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು, ಸೆಪ್ಟೆಂಬರಿನಲ್ಲಿ ಯೂನಿಕೋಡ್‌ನ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿತು. ಆದರೆ ಮಾತನ್ನು ಬರಹಕ್ಕಿಳಿಸುವಾಗ ಒಂದು ತೊಡಕಿದೆ. ‘ಯಾನ್ ಬತ್ತೆ’ ಎಂದರೆ ನಾನು ಬಂದೆ, ‘ಆಯೆ ಬತ್ತೆ’ ಎಂದರೆ ಅವನು ಬಂದ. ಎರಡು ‘ಬತ್ತೆ’ಗಳ ಕೊನೆಯ ಸ್ವರ ಉಚ್ಚಾರದಲ್ಲಿ ಬೇರೆ ಬೇರೆ, ಕನ್ನಡ ಲಿಪಿಯ ಸಾಮಾನ್ಯ ಬರಹದಲ್ಲಿ ಒಂದೇ. ಕಿವಿಗೆ ಸ್ಪಷ್ಟವಾಗಿರುವ ಭೇದವನ್ನು ಯಂತ್ರ ಕಲಿತರೂ ಬರೆಯಲು ಚಿಹ್ನೆ ಬೇಕು. ಮಾದರಿ ಬರೆಯುವವರೆಲ್ಲ ಒಂದೇ ಕ್ರಮ ಪಾಲಿಸದಿದ್ದರೆ ಯಂತ್ರವೂ ಗೊಂದಲವನ್ನೇ ಕಲಿಯುತ್ತದೆ.

ಅರೆಭಾಷೆ ಕನ್ನಡಕ್ಕೆ ಹತ್ತಿರವಾಗಿರುವುದೇ ಅದಕ್ಕೆ ತೊಂದರೆ. ಕನ್ನಡದ ಧ್ವನಿ ಟೈಪಿಂಗ್ ಎದುರು ಅರೆಭಾಷೆ ಆಡಿದರೆ ಅದು ಸುಮ್ಮನಿರುವುದಿಲ್ಲ, ತನಗೆ ಗೊತ್ತಿರುವ ಶಿಷ್ಟ ಕನ್ನಡದ ಪದಗಳಿಗೆ ಎಳೆದುಕೊಂಡು ಏನೋ ಒಂದನ್ನು ಬರೆಯುತ್ತದೆ. ಹೊರಗಿನವರಿಗೆ ಅದು ಕನ್ನಡದಂತೆಯೇ ಕಾಣುತ್ತದೆ, ಹೇಳಿದವರಿಗೆ ಮಾತ್ರ ತಮ್ಮ ಮಾತಾಗಿ ಕಾಣುವುದಿಲ್ಲ. ಅರ್ಜಿ ಬರೆಯುವವರ ಮೇಜಿನ ಎದುರು ನಡೆಯುತ್ತಿದ್ದದ್ದೂ ಕನ್ನಡಕ್ಕೆ ತಿರುಗಿಸುವ ಕೆಲಸವೇ. ಆದರೆ ಅಲ್ಲಿ ತಿರುಗಿಸುವವರಿಗೆ ಎರಡೂ ಭಾಷೆ ಗೊತ್ತಿತ್ತು. ಕರ್ನಾಟಕ ತುಳು ಸಾಹಿತ್ಯ ಅಕಾಡೆಮಿ 1994ರಲ್ಲಿ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ 2011ರಲ್ಲಿ ಸ್ಥಾಪನೆಯಾದವು. ಇವುಗಳ ಪುಸ್ತಕ, ನಾಟಕ, ಕಥಾಸಂಕಲನಗಳು ಬರಹದ ಸಾಮಗ್ರಿಯನ್ನು ಒದಗಿಸುತ್ತವೆ. ಧ್ವನಿ ಗುರುತಿಸುವಿಕೆಗೆ ಇದರ ಜೊತೆ ಬೇಕಾದದ್ದು ಊರಿನವರು ಸಹಜವಾಗಿ ಆಡಿದ ನೂರಾರು ಗಂಟೆಗಳ ಮಾತು ಮತ್ತು ಆ ಮಾತನ್ನು ಆಡಿದ ಹಾಗೆಯೇ ಬರೆದಿಟ್ಟ ಪ್ರತಿ.

ಎಪ್ಪತ್ತು ವರ್ಷಗಳ ಈ ಚರಿತ್ರೆಯಲ್ಲಿ ಯಂತ್ರದ ವಿಧಾನ ಹಲವು ಸಲ ಬದಲಾಗಿದೆ, ಮಾದರಿಗಳ ಅಗತ್ಯ ಬದಲಾಗಿಲ್ಲ. ಕನ್ನಡದ ಬರಹ ಗುರುತಿಸಲು 25 ಮಂದಿ, ಅಂಕಿ ಗುರುತಿಸಲು 65 ಮಂದಿ ಬರೆದುಕೊಡಬೇಕಾಯಿತು. ಮಾತಿಗೆ ಆಕಾಶವಾಣಿಯ ವಾರ್ತಾವಾಚಕರು, ರಾಜ್ಯದ ರೈತರು ದನಿ ಕೊಟ್ಟರು. ಸುಳ್ಯ, ಮಡಿಕೇರಿ ಸೀಮೆಯ ಶಾಲೆ, ಕಾಲೇಜು, ಸಹಕಾರಿ ಸಂಘ, ಅಕಾಡೆಮಿಗಳು ಮನಸ್ಸು ಮಾಡಿದರೆ ಅರೆಭಾಷೆಗೂ ತುಳುವಿಗೂ ಅಂಥ ಸಂಗ್ರಹ ಕಟ್ಟುವುದು ಕಷ್ಟವಲ್ಲ. ಮುಕ್ತ ತಂತ್ರಾಂಶ ಸಿದ್ಧವಿದೆ, ದಾಖಲಿಸುವ ಸಾಧನ ಪ್ರತಿ ಮನೆಯ ಫೋನಿನಲ್ಲಿದೆ. ಹಿರಿಯರ ಮಾತು ಮತ್ತು ಹಳೆಯ ಕಡತ ಓದಬಲ್ಲವರ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವುದರಿಂದ ಮೊದಲು ಕೈಹಾಕಬೇಕಾದ್ದು ಇವೆರಡಕ್ಕೇ.